ಹಂಚಿನ ಮೇಲಿನ ಮೊದಲ ರೊಟ್ಟಿ

ಶಿವಾಜಿನಗರದ ಬಸ್ ನಿಲ್ದಾಣದಿಂದ ಕಮರ್ಷಿಯಲ್ ಸ್ಟ್ರೀಟಿನತ್ತ ಸಂಜೆಯ ಹೊತ್ತು ನಡೆದು ಹೋದವರಿಗೆ ಆ ವಾಸನೆ ಗೊತ್ತು. ಕಾದ ಎಣ್ಣೆ, ಅದರಲ್ಲಿ ಹೊರಳುವ ಈರುಳ್ಳಿ ಸಮೋಸ. 2024ರ ಜುಲೈ ತಿಂಗಳ ಒಂದು ಶನಿವಾರ ಅಂಥದೊಂದು ಬಾಣಲೆಯ ಮುಂದೆ ನಾಲ್ವರು ಹುಡುಗಿಯರು ನಿಂತಿದ್ದರು. ಹಲಸೂರಿನ ಶಾಲೆಯೊಂದರ ಹತ್ತನೆಯ ತರಗತಿಯವರು. ಮೂವರ ಕೈಯಲ್ಲಿ ಸಮೋಸ, ನಾಲ್ಕನೆಯವಳ ಕೈಯಲ್ಲಿ ಆ ಮೂವರ ಪುಸ್ತಕದ ಚೀಲ.

'ನೀನ್ಯಾಕೇ ತಿನ್ನಲ್ಲ?'

'ಹೊಟ್ಟೆ ಸರಿಯಿಲ್ಲ ಕಣೇ.'

ಹಿಂದಿನ ಮೂರು ಶನಿವಾರವೂ ಅವಳು ಇದೇ ಉತ್ತರ ಕೊಟ್ಟಿದ್ದಳು. ಒಬ್ಬಳ ಹೊಟ್ಟೆ ಎಷ್ಟು ವಾರ ಸರಿಯಿಲ್ಲದೆ ಇರಲು ಸಾಧ್ಯ? ಗೆಳತಿಯರು ಮುಖ ಮುಖ ನೋಡಿಕೊಂಡರು. ಮುಂದಿನ ಶನಿವಾರ ಅವಳು ಚೀಲಗಳನ್ನು ಕಟ್ಟೆಯ ಮೇಲಿಟ್ಟು ತಾನೂ ಒಂದು ಸಮೋಸ ತೆಗೆದುಕೊಂಡಳು. ಅಂದು ರಾತ್ರಿ ಏನೂ ಆಗಲಿಲ್ಲ. ಮರುದಿನವೂ ಏನೂ ಆಗಲಿಲ್ಲ. ಏನೂ ಆಗದಿದ್ದದ್ದೇ ತೊಂದರೆಯಾಯಿತು. ಆಮೇಲೆ ಪ್ರತಿ ಶನಿವಾರವೂ ಸಮೋಸ, ಒಂದೆರಡು ಸಲ ಪರೋಟವೂ ಆಯಿತು.

ಸಮೋಸ ತಿಂದರೆ ಆಗುವುದೇನು ಎಂದು ಕೇಳುವವರಿಗೆ ಅವಳ ಹಿಂದಿನ ಕಥೆ ಹೇಳಬೇಕು. ಕೆ.ಆರ್. ಪುರದ ಅವರ ಮನೆಯ ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲ್ಲಿನ ಗೆರೆಗಳಿವೆ. ಪ್ರತಿ ಯುಗಾದಿಗೂ ಅಪ್ಪ ಮಗಳನ್ನು ಅಲ್ಲಿ ನಿಲ್ಲಿಸಿ ಗೆರೆ ಎಳೆಯುತ್ತಿದ್ದರು. ಐದನೆಯ ತರಗತಿಯ ಗೆರೆಗೂ ಏಳನೆಯ ತರಗತಿಯ ಗೆರೆಗೂ ನಡುವೆ ಒಂದು ಬೆರಳಿನ ಅಂತರವೂ ಇರಲಿಲ್ಲ. ಮುಖ ಬಿಳಿಚಿಕೊಂಡಿತ್ತು. ಮೆಟ್ಟಿಲು ಹತ್ತಿದರೆ ಏದುಸಿರು. ರಕ್ತಹೀನತೆ ಎಂದು ಕಬ್ಬಿಣದ ಮಾತ್ರೆ ಕೊಟ್ಟರು, ಆರು ತಿಂಗಳು ನುಂಗಿದರೂ ಹಿಮೋಗ್ಲೋಬಿನ್ ಏರಲಿಲ್ಲ. ಜಂತುಹುಳುವಿನ ಔಷಧ ಆಯಿತು. ಅಜ್ಜಿ ದೃಷ್ಟಿ ತೆಗೆದದ್ದೂ ಆಯಿತು. 'ಸರಿಯಾಗಿ ಊಟ ಮಾಡಲ್ಲ ನೋಡಿ, ಅದಕ್ಕೇ' ಎಂದು ನೆಂಟರೆಲ್ಲ ತಾಯಿಯನ್ನೇ ದೂರಿದರು. ಕೊನೆಗೆ ಒಬ್ಬ ಮಕ್ಕಳ ವೈದ್ಯರು, ಮಾತ್ರೆ ನುಂಗುತ್ತಿದ್ದರೂ ಕಬ್ಬಿಣ ಮೈಗೆ ಹತ್ತುತ್ತಿಲ್ಲವೆಂದರೆ ಹತ್ತಬೇಕಾದ ಜಾಗದಲ್ಲೇ ಏನೋ ಕೆಟ್ಟಿದೆ ಎಂದು ಯೋಚಿಸಿದರು. ರಕ್ತ ಪರೀಕ್ಷೆ, ಅನಂತರ ಎಂಡೋಸ್ಕೋಪಿ. ಸೀಲಿಯಾಕ್ ಕಾಯಿಲೆ ಎಂದು ಗೊತ್ತಾಯಿತು.

ನಮ್ಮ ಸಣ್ಣ ಕರುಳಿನ ಒಳಗೋಡೆ ನುಣುಪಾಗಿಲ್ಲ. ಟರ್ಕಿ ಟವೆಲಿನ ಮೇಲಿನ ಎಳೆಗಳಂತೆ ಅದರ ತುಂಬ ಒಂದು ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಎತ್ತರದ ಬೆರಳುಗಳಿವೆ. ಅವಕ್ಕೆ ವಿಲ್ಲೈ ಎಂದು ಹೆಸರು. ಆಹಾರದ ಸಾರವನ್ನು ಹೀರುವ ಕೆಲಸ ಅವುಗಳದು. ಗೋಧಿಯಲ್ಲಿ ಗ್ಲೂಟೆನ್ ಎಂಬ ಪ್ರೋಟೀನಿದೆ, ಅದರ ಹತ್ತಿರದ ಬಳಗ ಬಾರ್ಲಿ ಮತ್ತು ರೈ ಧಾನ್ಯಗಳಲ್ಲೂ ಇದೆ. ನಮ್ಮ ಜೀರ್ಣರಸಗಳು ಅದನ್ನು ಪೂರ್ತಿ ಒಡೆಯಲಾರವು, ಕೆಲವು ತುಣುಕುಗಳು ಹಾಗೆಯೇ ಉಳಿಯುತ್ತವೆ. ಹೆಚ್ಚಿನವರಿಗೆ ಇದರಿಂದ ಬಾಧೆಯಿಲ್ಲ. ಕೆಲವರ ದೇಹ ಮಾತ್ರ ಆ ತುಣುಕನ್ನು ಶತ್ರುವೆಂದು ತಪ್ಪು ತಿಳಿದು ಹೋರಾಟಕ್ಕೆ ನಿಲ್ಲುತ್ತದೆ. ಆ ಹೋರಾಟದಲ್ಲಿ ನಾಶವಾಗುವುದು ತನ್ನದೇ ಬೆರಳುಗಳು. ಟವೆಲು ಸವೆದು ಬರಿಯ ಬಟ್ಟೆಯಾಗುತ್ತದೆ. ಕಬ್ಬಿಣ ಹೀರಲ್ಪಡುವುದು ಸಣ್ಣ ಕರುಳಿನ ಮೊದಲ ಭಾಗದಲ್ಲಿ, ಸವೆತ ಜೋರಾಗಿರುವುದೂ ಅಲ್ಲೇ. ಮಾತ್ರೆ ಕೆಲಸ ಮಾಡದಿರಲು ಕಾರಣ ಅದು. ಇದಕ್ಕೆ ಔಷಧವಿಲ್ಲ. ಗ್ಲೂಟೆನ್ ಇರುವುದನ್ನು ಜೀವನಪೂರ್ತಿ ತಿನ್ನದಿರುವುದೊಂದೇ ದಾರಿ. ತಿನ್ನದಿದ್ದರೆ ಬೆರಳುಗಳು ಮತ್ತೆ ಚಿಗುರುತ್ತವೆ. ಎಂಟನೆಯ ತರಗತಿಯಲ್ಲಿ ಚೌಕಟ್ಟಿನ ಗೆರೆ ಒಮ್ಮೆಲೇ ನಾಲ್ಕು ಬೆರಳು ಮೇಲೆ ಹೋಯಿತು.

ಇಲ್ಲಿ ತಂದೆತಾಯಂದಿರಿಗೆ ಒಂದು ಮಾತು. ಸಂಶಯ ಬಂದಿತೆಂದು ಪರೀಕ್ಷೆಗೆ ಮೊದಲೇ ಗೋಧಿ ನಿಲ್ಲಿಸಬೇಡಿ. ನಿಲ್ಲಿಸಿದರೆ ರಕ್ತದಲ್ಲಿನ ಪ್ರತಿಕಾಯಗಳು ಇಳಿದುಹೋಗಿ, ಕಾಯಿಲೆ ಇದ್ದರೂ ಇಲ್ಲವೆಂಬ ವರದಿ ಬರಬಹುದು.

ಗೋಧಿಯೇ ಅಪರಾಧಿಯೆಂದು ತಿಳಿಯಲು ವೈದ್ಯಲೋಕಕ್ಕೆ ಬಹಳ ಕಾಲ ಹಿಡಿಯಿತು. ಲಂಡನ್ನಿನ ಸ್ಯಾಮ್ಯುಯೆಲ್ ಗೀ ಎಂಬ ವೈದ್ಯ 1888ರಲ್ಲಿ ಈ ಕಾಯಿಲೆಯನ್ನು ಚೆನ್ನಾಗಿ ವರ್ಣಿಸಿ, ಇದು ವಾಸಿಯಾಗುವುದಾದರೆ ಪಥ್ಯದಿಂದಲೇ ಎಂದ. ಆದರೆ ಅವನು ಹೇಳಿದ ಪಥ್ಯ ಯಾವುದು? ಅನ್ನ ಬೇಡ, ಸಾಗು ಬೇಡ, ತೆಳ್ಳಗೆ ಕೊಯ್ದು ಸುಟ್ಟ ಬ್ರೆಡ್ಡು ಕೊಡಬಹುದು! ದಾರಿ ಸರಿ, ದಿಕ್ಕು ಪೂರ್ತಿ ಉಲ್ಟಾ. 1924ರಲ್ಲಿ ಅಮೆರಿಕದ ಸಿಡ್ನಿ ಹಾಸ್ ಬಾಳೆಹಣ್ಣಿನ ಪಥ್ಯ ಹೇಳಿ ಮಕ್ಕಳನ್ನು ಚೇತರಿಸಿಕೊಳ್ಳುವಂತೆ ಮಾಡಿದ. ಗುಣ ಬಾಳೆಹಣ್ಣಿನದೆಂದು ಅವನು ನಂಬಿದ್ದ, ನಿಜವಾಗಿ ಗುಣ ಕೊಟ್ಟದ್ದು ಬ್ರೆಡ್ಡಿನ ಗೈರುಹಾಜರಿ. ಬ್ರೆಡ್ಡಿನ ಮೇಲೆ ಗುಮಾನಿ ಪಟ್ಟವನು ಹಾಲೆಂಡಿನ ಮಕ್ಕಳ ವೈದ್ಯ ವಿಲೆಮ್ ಡಿಕ್ಕೆ. 1944-45ರ ಚಳಿಗಾಲದಲ್ಲಿ, ಯುದ್ಧದ ಕೊನೆಯಲ್ಲಿ, ಆ ದೇಶಕ್ಕೆ ಭೀಕರ ಬರ ಬಡಿಯಿತು. ಜನ ಟ್ಯೂಲಿಪ್ ಹೂವಿನ ಗೆಡ್ಡೆ ತಿಂದು ಬದುಕಿದರು. ಬ್ರೆಡ್ಡಿಲ್ಲದ ಆ ದಿನಗಳ ಅನುಭವ ಅವನ ಗುಮಾನಿಯನ್ನು ಗಟ್ಟಿ ಮಾಡಿತು. ಯುದ್ಧ ಮುಗಿದ ಮೇಲೆ ಮಕ್ಕಳಿಗೆ ಒಂದೊಂದೇ ಧಾನ್ಯ ಕೊಟ್ಟು, ನಿಲ್ಲಿಸಿ, ತೂಕ ನೋಡಿ, 1950ರಲ್ಲಿ ಅದನ್ನು ತನ್ನ ಪ್ರಬಂಧದಲ್ಲಿ ಬರೆದ.

ಪುಣ್ಯಕ್ಕೆ ನಮ್ಮ ಸೀಮೆಯ ಅಡುಗೆಮನೆ ಗೋಧಿಯನ್ನು ನಂಬಿಕೊಂಡಿಲ್ಲ. ರಾಗಿಮುದ್ದೆ, ಅನ್ನ, ಅಕ್ಕಿರೊಟ್ಟಿ, ಇಡ್ಲಿ. ಕೋಲಾರದ ಕಡೆಯ ಆ ಮನೆಯಲ್ಲಿ ಮೊದಲ ವಾರ ಏನೂ ಬದಲಾಗಬೇಕಾಗಿಲ್ಲವೆಂದೇ ತಾಯಿ ಅಂದುಕೊಂಡರು. ಎರಡನೆಯ ವಾರ ಹಿಂಗಿನ ಡಬ್ಬಿ ತಿರುಗಿಸಿ ಓದಿದರು. ಹಿಂಗು ಎಂದರೆ ಅಫಘಾನಿಸ್ತಾನ, ಇರಾನ್ ಕಡೆ ಬೆಳೆಯುವ ಗಿಡದ ಬೇರಿನಿಂದ ಒಸರುವ ಅಂಟು. ಅದು ಹಾಗೆಯೇ ಬಳಸಲಾಗದಷ್ಟು ಘಾಟು. ಆದ್ದರಿಂದ ಡಬ್ಬಿಯಲ್ಲಿ ಸಿಗುವ ಹಿಂಗಿಗೆ ಅಕ್ಕಿಹಿಟ್ಟನ್ನೋ ಮೈದಾವನ್ನೋ ಬೆರೆಸಿರುತ್ತಾರೆ. ಅವರ ಡಬ್ಬಿಯಲ್ಲಿದ್ದದ್ದು ಮೈದಾ. ಸಾರು, ಹುಳಿ, ಪುಳಿಯೋಗರೆ, ಉಪ್ಪಿನಕಾಯಿ ಎಲ್ಲದರಲ್ಲೂ ಅದು!

ಮೂರನೆಯ ವಾರ ಹಿಟ್ಟಿನ ಗಿರಣಿ. ರಾಗಿಯಲ್ಲಿ ಗ್ಲೂಟೆನ್ ಇಲ್ಲ, ಸರಿ. ಆದರೆ ನಿಮ್ಮ ಮುಂದಿನ ಸರದಿಯವರು ಗೋಧಿ ಬೀಸಿಸಿಕೊಂಡು ಹೋಗಿದ್ದರೆ ಕಲ್ಲಿನ ಸಂದಿಯಲ್ಲಿ ಉಳಿದ ಗೋಧಿಹಿಟ್ಟು ನಿಮ್ಮ ರಾಗಿಯ ಜೊತೆಗೇ ಚೀಲಕ್ಕೆ ಬೀಳುತ್ತದೆ. ಇದೆಲ್ಲ ಅತಿಯಾಯಿತು ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ. 30 ಗ್ರಾಂ ಹಿಟ್ಟಿನ ಒಂದು ಚಪಾತಿಯಲ್ಲಿ ಸುಮಾರು ಎರಡೂವರೆ ಗ್ರಾಂ ಗ್ಲೂಟೆನ್ ಇರುತ್ತದೆ. ದಿನಕ್ಕೆ 50 ಮಿಲಿಗ್ರಾಂ ಮೂರು ತಿಂಗಳು ತಿಂದರೂ ಸೀಲಿಯಾಕ್ ಇರುವವರ ಕರುಳು ಕೆಡುತ್ತದೆಂದು 2007ರಲ್ಲಿ ಪ್ರಕಟವಾದ ಇಟಲಿಯ ಸಂಶೋಧನೆ ತೋರಿಸಿತು. 50 ಮಿಲಿಗ್ರಾಂ ಎಂದರೆ ಆ ಚಪಾತಿಯ ಐವತ್ತರಲ್ಲಿ ಒಂದು ಚೂರು. ಸರ್ಕಾರದ ನಿಯಮದ ಪ್ರಕಾರ ಗ್ಲೂಟೆನ್ ಇಲ್ಲವೆಂದು ಬರೆದು ಮಾರುವ ಆಹಾರದಲ್ಲಿ ಕಿಲೋಗೆ 20 ಮಿಲಿಗ್ರಾಮಿಗಿಂತ ಹೆಚ್ಚು ಇರುವಂತಿಲ್ಲ. ಅಪ್ಪ ಶಿವಾಜಿನಗರದ ಆಟೋ ಬಿಡಿಭಾಗದ ಅಂಗಡಿಯಲ್ಲಿ ಕೆಲಸ ಮಾಡುವವರು. ಎರಡು ತಿಂಗಳ ಉಳಿತಾಯ ಹಾಕಿ ಮನೆಗೊಂದು ಚಿಕ್ಕ ಗಿರಣಿ ತಂದರು.

ಅಜ್ಜಿಯ ಸಂಕಟ ಬೇರೆ ಬಗೆಯದು. ಶ್ರಾವಣದ ಸತ್ಯನಾರಾಯಣ ಪೂಜೆಯ ಪ್ರಸಾದ ರವೆಯ ಸಜ್ಜಿಗೆ. ಪ್ರಸಾದ ಬೇಡವೆನ್ನುವುದುಂಟೆ? ಕಥೆಯಲ್ಲಿ ಪ್ರಸಾದ ಬಿಟ್ಟು ಹೋದವರ ಹಡಗೇ ಮುಳುಗುತ್ತದೆ! 'ಒಂದು ಚಿಟಿಕೆ ಬಾಯಿಗೆ ಹಾಕ್ಕೊಳ್ಳೇ, ದೇವರು ಕಾಪಾಡ್ತಾನೆ' ಎಂದು ಅಜ್ಜಿ, 'ಬೇಡ ಅತ್ತೆ' ಎಂದು ಸೊಸೆ, ನಡುವೆ ಹುಡುಗಿ. ಜಗಳ ಬಿಡಿಸಿದವರು ಪುರೋಹಿತರು. ಗೋಧಿ ಸಿಗದಿದ್ದರೆ ಅಕ್ಕಿಹಿಟ್ಟಿನಲ್ಲಿ ಮಾಡಬಹುದೆಂದು ಆ ವ್ರತಕಥೆಯಲ್ಲೇ ಇದೆಯಲ್ಲಮ್ಮ ಎಂದರು. ಅಂದಿನಿಂದ ಆ ಮನೆಯ ಸಜ್ಜಿಗೆ ಅಕ್ಕಿತರಿಯದು. ಈಗ ಅಜ್ಜಿ ನೆಂಟರ ಮನೆಗೂ ಹೋಗಿ ಹಾಗೆಯೇ ಮಾಡಿಸುತ್ತಾರೆ.

ಮನೆಯೊಳಗೆ ಹೀಗೆ ಎಲ್ಲ ಒಂದು ಹದಕ್ಕೆ ಬಂತು. ಹೊಸಿಲು ದಾಟಿದರೆ ಮಾತ್ರ ಕಷ್ಟ. ದಂಡು ಪ್ರದೇಶದ ತಿಂಡಿಬೀದಿಗಳು ಇರುವುದೇ ಮೈದಾದ ಮೇಲೆ. 1809ರಲ್ಲಿ ಬ್ರಿಟಿಷರ ದಂಡು ಇಲ್ಲಿ ಬೀಡುಬಿಟ್ಟಿತು. ಸಿಪಾಯಿಗಳ ಹಿಂದೆ ಬ್ರೆಡ್ಡು ಬಂತು, ಬ್ರೆಡ್ಡಿನ ಹಿಂದೆ ಬೇಕರಿಗಳು. ಫ್ರೇಜರ್ ಟೌನಿನ ಆಲ್ಬರ್ಟ್ ಬೇಕರಿ 1902ರದು. ಪಫ್, ಬನ್ನು, ಕ್ರಿಸ್‌ಮಸ್ ಕೇಕು, ಪರೋಟ, ಸಮೋಸ, ರಂಜಾನ್ ತಿಂಗಳ ಹಲೀಮ್‌ನಲ್ಲಿ ಗೋಧಿನುಚ್ಚು. ಮಕ್ಕಳ ಪ್ರಾಣವಾದ ಗೋಬಿ ಮಂಚೂರಿಗೆ ಮೈದಾ ಲೇಪ ಸಾಲದೆಂದು ಮೇಲೆ ಸೋಯಾ ಸಾಸ್, ಅದರಲ್ಲೂ ಸಾಮಾನ್ಯವಾಗಿ ಗೋಧಿ. ಹದಿನೈದು ವರ್ಷದ ಹುಡುಗಿ ಗೆಳತಿಯರ ಜೊತೆ ಹೊರಗೆ ಹೋದರೆ ಎಳನೀರಿನ ಮುಂದೆ ನಿಲ್ಲಬೇಕು.

ಸಮೋಸದ ಗುಟ್ಟು ಬಯಲಾದದ್ದು ಯಾರ ಚಾಡಿಯಿಂದಲೂ ಅಲ್ಲ. ಆಗಸ್ಟ್ ಕೊನೆಯಲ್ಲಿ ವಾಡಿಕೆಯ ರಕ್ತ ಪರೀಕ್ಷೆಯಾಯಿತು. ಎರಡು ವರ್ಷದಿಂದ ಇಳಿಯುತ್ತ ಬಂದಿದ್ದ ಪ್ರತಿಕಾಯದ ಸಂಖ್ಯೆ ಮತ್ತೆ ಏರಿತ್ತು. ನಾಲಿಗೆ ಸುಳ್ಳು ಹೇಳಬಹುದು, ಕರುಳು ಹೇಳುವುದಿಲ್ಲ. ಮೆಟ್ರೋದಲ್ಲಿ ವಾಪಸು ಬರುವಾಗ ತಾಯಿ ಬೈಯಲಿಲ್ಲ. ಬೈಯಪ್ಪನಹಳ್ಳಿ ದಾಟಿದ ಮೇಲೆ ಒಂದೇ ಪ್ರಶ್ನೆ ಕೇಳಿದರು: 'ಎಲ್ಲಿ ತಿಂದೆ?' ಹುಡುಗಿ ಅಳುತ್ತ ಎಲ್ಲವನ್ನೂ ಹೇಳಿದಳು. ಹಸಿವಾಗಿ ತಿಂದದ್ದಲ್ಲ, ರುಚಿಗೂ ಅಲ್ಲ. ಪ್ರತಿ ಸಲ ಒಬ್ಬಳೇ ಚೀಲ ಹಿಡಿದು ನಿಲ್ಲುವುದು ಸಾಕಾಗಿತ್ತು. ಬೈಗುಳಕ್ಕೆ ಈ ಕಾಯಿಲೆ ಬಗ್ಗುವುದಿಲ್ಲ ಎಂಬುದನ್ನು ಆ ತಾಯಿ ಆ ಹೊತ್ತಿನಲ್ಲೇ ಕಂಡುಕೊಂಡದ್ದು ದೊಡ್ಡದು. ಮರುದಿನ ಹುಡುಗಿ ಗೆಳತಿಯರಿಗೆ ಕಾಯಿಲೆಯ ಹೆಸರು ಹೇಳಿದಳು. 'ಮೊದಲೇ ಹೇಳೋಕೇನಾಗಿತ್ತೇ ನಿಂಗೆ?' ಎಂದು ಅವರೇ ಬೈದರು.

ಮಗಳು ಗೆಳತಿಯರ ಜೊತೆ ಕೂತು ಉಣ್ಣಬಹುದಾದ ಒಂದು ಹೋಟೆಲು ಹುಡುಕುತ್ತೇನೆಂದು ತಾಯಿ ಹೊರಟರು. ಹೋಗುತ್ತಿದ್ದದ್ದು ಮಧ್ಯಾಹ್ನ ಮೂರು ಗಂಟೆಗೆ, ಅಡುಗೆಯವರಿಗೆ ಬಿಡುವಿರುವ ಹೊತ್ತು. ಒಂದು ಕಡೆ ಇಡ್ಲಿಗೆ ರವೆ ಹಾಕುತ್ತೇವೆ ಎಂದಾಗ ಎದೆ ಧಸಕ್ಕೆಂದಿತು. ಅದು ಅಕ್ಕಿಯ ರವೆ ಎಂದು ತಿಳಿದು ಸಮಾಧಾನವಾಯಿತು. ಆದರೆ ಸಾಂಬಾರಿನ ಹಿಂಗು ಯಾವುದೆಂದು ಯಾರಿಗೂ ಗೊತ್ತಿಲ್ಲ. ಇನ್ನೊಂದು ಕಡೆ ದೋಸೆಭಟ್ಟರು, ಗರಿಗರಿ ಬರಲೆಂದು ಒಂದು ಹಿಡಿ ಮೈದಾ ಹಾಕುತ್ತೇವೆಂದು ಒಪ್ಪಿಕೊಂಡರು. ಹಾಕದ ಹೋಟೆಲಿನಲ್ಲಿ ಅದೇ ಕಾವಲಿಯ ಮೇಲೆ ರವೆದೋಸೆ ಬೀಳುತ್ತದೆ. ಒಬ್ಬ ಮಾಣಿಯಂತೂ, 'ಗ್ಲೂಟೆನ್ ನಾವು ಹಾಕಲ್ಲ ಮೇಡಂ, ನಿಮಗೆ ಬೇಕೂಂದ್ರೆ ಹೇಳಿ, ಹಾಕಿಸ್ತೀನಿ' ಎಂದ!

ಅವನನ್ನು ನೋಡಿ ನಗುವುದು ನ್ಯಾಯವಲ್ಲ. ಈ ಕಾಯಿಲೆ ದಕ್ಷಿಣದಲ್ಲಿ ಅಪರೂಪ. 2016ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ದೇಶದ ಮೂರು ಭಾಗಗಳ ಇಪ್ಪತ್ತಮೂರು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿದ್ದರು. ಉತ್ತರದಲ್ಲಿ ನೂರಕ್ಕೆ 1.23, ಈಶಾನ್ಯದಲ್ಲಿ 0.87, ದಕ್ಷಿಣದಲ್ಲಿ 0.10, ಅಂದರೆ ಸಾವಿರಕ್ಕೆ ಒಬ್ಬರು. ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿಂದರೆ ದಕ್ಷಿಣದವರು 25 ಗ್ರಾಂ. ಸಾವಿರದಲ್ಲಿ ಒಬ್ಬರಿಗೆ ಬರುವುದನ್ನು ಮಾಣಿ ಎಲ್ಲಿಂದ ತಿಳಿಯಬೇಕು? ನಗಬೇಕಾದದ್ದು ಇಂದಿರಾನಗರದ ನೂರಡಿ ರಸ್ತೆಯ ಫ್ಯಾಷನ್ನನ್ನು ನೋಡಿ. ಯಾವ ಕಾಯಿಲೆಯೂ ಇಲ್ಲದವರು ತೆಳ್ಳಗಾಗುವ ಆಸೆಗೆ ಗೋಧಿ ಬಿಟ್ಟು, ಹುಟ್ಟಿನಿಂದಲೂ ಗ್ಲೂಟೆನ್ ಕಾಣದ ಅಕ್ಕಿ ಹಪ್ಪಳಕ್ಕೆ ಗ್ಲೂಟೆನ್ ಇಲ್ಲ ಎಂಬ ಚೀಟಿ ನೋಡಿ ಮೂರು ಪಟ್ಟು ದುಡ್ಡು ಕೊಡುತ್ತಾರೆ. ಇಂಥವರು ಹೆಚ್ಚಿದಷ್ಟೂ ನಿಜವಾಗಿ ಬೇಕಾದವರ ಮಾತು ಅಡುಗೆಮನೆಗೆ ಹಗುರವಾಗಿ ಕೇಳುತ್ತದೆ. ಗೋಧಿಯಲ್ಲೇ ಒಂದು ಜಾತಿಯಾದ ಜವೆಗೋಧಿಯನ್ನು 'ಇದು ಹಳೇ ಕಾಲದ್ದು, ಏನೂ ಆಗಲ್ಲ' ಎಂದು ಮಾರಲು ಬಂದವರೂ ಉಂಟು. ಅದರಲ್ಲೂ ಗ್ಲೂಟೆನ್ ಇದೆ.

ಅಕ್ಟೋಬರಿನಲ್ಲಿ ಗೆಳತಿಯೊಬ್ಬಳ ಹುಟ್ಟುಹಬ್ಬ ಬಂತು. ಅವಳು ತಾನಾಗಿಯೇ ಇಂದಿರಾನಗರದ ಒಂದು ಮೆಕ್ಸಿಕನ್ ಹೋಟೆಲು ಗೊತ್ತುಮಾಡಿದಳು. ಮೆಕ್ಸಿಕೋದವರು ತಿನ್ನುವುದು ಮುಸುಕಿನ ಜೋಳ, ಆದ್ದರಿಂದ ನೀನೂ ತಿನ್ನಬಹುದು ಎಂಬುದು ಅವಳ ತರ್ಕ. ತರ್ಕದಲ್ಲಿ ತಪ್ಪಿಲ್ಲ. ಚಿಕ್ಕ ಹೋಟೆಲು. ಗಂಡ ಗಲ್ಲಾದಲ್ಲಿ, ಹೆಂಡತಿ ಒಲೆಯ ಮುಂದೆ, ಕಾಲೇಜಿಗೆ ಹೋಗುವ ಮಗ ತಟ್ಟೆ ತರುವುದಕ್ಕೆ. ಹುಡುಗಿ ಈ ಸಲ ನಾಚದೆ ತನ್ನ ಕಾಯಿಲೆ ಹೇಳಿದಳು. ಹುಡುಗ ಒಳಗೆ ಹೋದ. ಒಳಗಿನಿಂದ ಅವನ ತಾಯಿ ಕೈ ಒರೆಸಿಕೊಳ್ಳುತ್ತ ಬಂದರು.

'ನಿಜ ಹೇಳ್ತೀನಿ ಪುಟ್ಟಾ. ಜೋಳದ್ದು ಅಂತ ಬರೆದಿದೀವಿ, ಆದ್ರೆ ಮುರಿಯದೆ ಇರ್ಲಿ ಅಂತ ಸ್ವಲ್ಪ ಮೈದಾ ಸೇರಿಸ್ತೀವಿ. ಚಿಪ್ಸ್ ಕರಿಯೋ ಎಣ್ಣೇನೂ ಎಲ್ಲದಕ್ಕೂ ಒಂದೇ. ನಿಂಗೆ ಬೇರೆ ಪಾತ್ರೇಲಿ ಅನ್ನ, ಹುರುಳೀಕಾಯಿ ಬೀಜದ ಪಲ್ಯ, ಬೆಣ್ಣೆಹಣ್ಣಿನ ಚಟ್ನಿ ಮಾಡ್ಕೊಡ್ತೀನಿ. ಅದಕ್ಕೆ ಯಾವ ಹಿಟ್ಟೂ ಸೋಕಿರಲ್ಲ.'

ಅವಳು ಅದನ್ನೇ ಹೊಟ್ಟೆತುಂಬ ತಿಂದಳು. ಉಳಿದವರು ಕೈಯಲ್ಲಿ ಮಡಚಿ ತಿನ್ನುವಾಗ ಇವಳ ಕೈಯಲ್ಲಿ ಚಮಚ, ಅಷ್ಟೇ ವ್ಯತ್ಯಾಸ. ಬಿಲ್ಲು ಬರುವವರೆಗೆ ಆ ತಾಯಿ ಪಕ್ಕದಲ್ಲಿ ಕೂತು ಮೆಕ್ಸಿಕೋದ ರೊಟ್ಟಿಯ ಕಥೆ ಹೇಳಿದರು. ಸುಮಾರು ಒಂಬತ್ತು ಸಾವಿರ ವರ್ಷದ ಹಿಂದೆ ಅಲ್ಲಿಯ ಜನ ಒಂದು ಕಾಡುಹುಲ್ಲನ್ನು ಸಾಕಿ ಮುಸುಕಿನ ಜೋಳ ಮಾಡಿಕೊಂಡರು. ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿ, ತೊಳೆದು ರುಬ್ಬುತ್ತಾರೆ. ನಮ್ಮ ಅಜ್ಜಿಯರು ವೀಳ್ಯದೆಲೆಗೆ ಹಚ್ಚುವ ಅದೇ ಸುಣ್ಣ. ಸುಣ್ಣ ಕಾಳಿನ ಸಿಪ್ಪೆಯನ್ನು ಸಡಿಲಿಸಿ ಹಿಟ್ಟಿಗೆ ಅಂಟು ಕೊಡುತ್ತದೆ, ಜೊತೆಗೆ ಅದರಲ್ಲಿರುವ ಒಂದು ವಿಟಮಿನ್ ಮೈಗೆ ಹತ್ತುವಂತೆ ಮಾಡುತ್ತದೆ. ಬರಿಯ ಜೋಳದಹಿಟ್ಟಿಗೆ ಆ ಅಂಟಿಲ್ಲದ್ದರಿಂದಲೇ ಇಲ್ಲಿ ಮೈದಾದ ಊರುಗೋಲು. ಅಲ್ಲಿಯೂ ಗೋಧಿ ಬಂದದ್ದು ಹದಿನಾರನೆಯ ಶತಮಾನದಲ್ಲಿ, ಸ್ಪೇನಿನ ದಂಡಿನ ಹಿಂದೆ. 'ಹಳ್ಳಿಗಳಲ್ಲಿ ಈಗಲೂ ಹೆಂಗಸರು ಕೈಯಲ್ಲೇ ತಟ್ಟುತ್ತಾರಂತೆ' ಎಂದರು. ಹುಡುಗಿ ಆ ಮಾತನ್ನು ಹಿಡಿದುಕೊಂಡು ಮನೆಗೆ ಬಂದಳು. 'ಅಮ್ಮಾ, ನಮ್ಮಲ್ಲೂ ತಟ್ಟಿ ಮಾಡೋ ರೊಟ್ಟಿ ಇದೆಯಲ್ಲ, ಉತ್ತರ ಕರ್ನಾಟಕದ್ದು?'

ಹಳೆ ಮೈಸೂರಿನ ಕಡೆ ಜೋಳವೆಂದರೆ ಮುಸುಕಿನ ಜೋಳವೇ ನೆನಪಾಗುವುದು. ವಿಜಯಪುರದವರಿಗೆ ಅದು ಗೋವಿನಜೋಳ, ಬರಿಯ ಜೋಳವೆಂದರೆ ಬಿಳಿಜೋಳ. ಎರಡರಲ್ಲೂ ಗ್ಲೂಟೆನ್ ಇಲ್ಲ. ಇಲ್ಲವೆಂಬುದನ್ನು ಆ ಹುಡುಗಿಯರು ಪರೀಕ್ಷೆ ಮಾಡಿಯೇ ನೋಡಿದರು. ನೀವೂ ನೋಡಬಹುದು. ಮೈದಾವನ್ನು ಚಪಾತಿ ಹಿಟ್ಟಿನ ಹದಕ್ಕೆ ಕಲಸಿ ಅರ್ಧ ಗಂಟೆ ಬಿಟ್ಟು, ಬೋಗುಣಿ ನೀರಿನಲ್ಲಿ ಹಿಸುಕುತ್ತ ತೊಳೆಯಿರಿ. ಹಾಲಿನಂಥ ನೀರು ಬಿಡುತ್ತದೆ. ಅದಕ್ಕೆ ಒಂದು ತೊಟ್ಟು ಅಯೋಡಿನ್ ಹಾಕಿದರೆ ಕಡುನೀಲಿ, ಅಂದರೆ ಪಿಷ್ಟ. ನಾಲ್ಕೈದು ಸಲ ನೀರು ಬದಲಾಯಿಸಿದ ಮೇಲೆ ಕೈಯಲ್ಲಿ ಉಳಿಯುವುದು ಎಳೆದರೆ ಹಿಗ್ಗುವ, ಬಿಟ್ಟರೆ ಕುಗ್ಗುವ ರಬ್ಬರಿನಂಥ ಮುದ್ದೆ. ಅದೇ ಗ್ಲೂಟೆನ್. ಇಟಲಿಯ ಬೊಲೋನ್ಯದಲ್ಲಿ ಬೆಕಾರಿ ಎಂಬ ವಿದ್ವಾಂಸ ಹದಿನೆಂಟನೆಯ ಶತಮಾನದಲ್ಲೇ ಹೀಗೆ ತೊಳೆದು ಅದನ್ನು ಬೇರ್ಪಡಿಸಿದ್ದ. ಜೋಳದ ಹಿಟ್ಟನ್ನು ಹಾಗೇ ತೊಳೆದರೆ ಮುದ್ದೆ ಚದುರಿ ಕೈ ಬರಿದಾಗುತ್ತದೆ. ಈ ಪ್ರಯೋಗ ನಡೆದದ್ದು ಗೆಳತಿಯ ಮನೆಯಲ್ಲಿ. ನಮ್ಮ ಹುಡುಗಿಯೂ ಆ ಮುದ್ದೆಯನ್ನು ಎಳೆದು ನೋಡಿ, ಆಮೇಲೆ ಸಾಬೂನು ಹಾಕಿ ಕೈ ತೊಳೆದಳು. ಮುಟ್ಟಿದರೆ ಅಪಾಯವಿಲ್ಲ, ಹೊಟ್ಟೆಗೆ ಹೋದರೆ ಮಾತ್ರ. ಎರಡು ವರ್ಷದಿಂದ ತನ್ನನ್ನು ಕಾಡಿದ್ದು ಇಷ್ಟೇನಾ ಎಂಬಂತೆ ಅದನ್ನು ನೋಡುತ್ತಿದ್ದಳಂತೆ.

ಚಪಾತಿಯನ್ನು ಲಟ್ಟಿಸಬಹುದು, ರೊಟ್ಟಿಯನ್ನು ತಟ್ಟಬೇಕು. ಇದಕ್ಕೂ ಕಾರಣ ಅದೇ. ಗ್ಲೂಟೆನ್ನಿನ ಬಲೆಯಿದ್ದರೆ ಹಿಟ್ಟು ಎಳೆದಷ್ಟೂ ಬರುತ್ತದೆ. ಜೋಳಕ್ಕೆ ಆ ಬಲೆಯಿಲ್ಲ. ಆದ್ದರಿಂದ ಕುದಿಯುವ ನೀರು ಹಾಕಿ ಪಿಷ್ಟವನ್ನೇ ಅರೆಬೇಯಿಸಿ ಅಂಟು ಮಾಡಿಕೊಂಡು, ಅಂಗೈಯಲ್ಲಿ ನಾದಿ, ಬಡಿದು ಬಡಿದು ಹರಡಬೇಕು. ಮೆಕ್ಸಿಕೋದಾಕೆ ಸುಣ್ಣದಿಂದ ಮಾಡಿದ್ದನ್ನು ವಿಜಯಪುರದಾಕೆ ಬಿಸಿನೀರಿನಿಂದ ಮಾಡಿದಳು.

ಹಲಸೂರಿನ ಅಡ್ಡರಸ್ತೆಯೊಂದರಲ್ಲಿ ತಾಯಿಗೆ ಆ ಖಾನಾವಳಿ ಸಿಕ್ಕಿದ್ದು ಬಡಿಯುವ ಸದ್ದಿನಿಂದಲೇ. ಬೋರ್ಡು ಮರದ ಹಿಂದೆ ಮುಚ್ಚಿಹೋಗಿತ್ತು. ಒಳಗೆ ಆರು ಮೇಜು. ವಿಜಯಪುರ ಸೀಮೆಯ ಕುಟುಂಬ. ಗಂಡ ಬಡಿಸುವವರು, ಅತ್ತೆ ಚಟ್ನಿ ಕುಟ್ಟುವವರು, ಸೊಸೆ ಹಂಚಿನ ಮುಂದೆ.

'ಅಕ್ಕಾ, ಈ ರೊಟ್ಟಿಗೆ ಗೋಧಿಹಿಟ್ಟು ಏನಾದ್ರೂ ಸೇರಿಸ್ತೀರಾ?'

'ಇಲ್ರೀ ಅಕ್ಕಾರ. ಬರೇ ಜ್ವಾಳದ ಹಿಟ್ಟು, ಬಿಸಿನೀರು. ಯಾಕ್ರಿ?'

ತಾಯಿ ಎಲ್ಲವನ್ನೂ ಹೇಳಿದರು. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದರು. ಆಮೇಲೆ ತಲೆ ಆಡಿಸಿದರು.

'ಹಂಗಿದ್ರ ನಾ ಹೂಂ ಅನ್ನಂಗಿಲ್ರಿ. ಅದ ಹಂಚಿನ ಮ್ಯಾಲ ಚಪಾತಿನೂ ಬೇಸ್ತೀವಿ. ಚಪಾತಿ ಲಟ್ಟಸೂ ಮುಂದ ಹಿಟ್ಟು ಹಾರಿ ಎಲ್ಲಾ ಕಡೆ ಬಿದ್ದಿರತೈತಿ. ನಾವು ಬೀಸಸೂ ಗಿರಣ್ಯಾಗೂ ಗೋಧಿ ಬೀಸ್ತಾರ. ಕೂಸಿಗೆ ಏನರ ಆದ್ರ ನಾ ಏನ್ ಮಾಡ್ಲ್ರಿ?'

ಮೂರು ತಿಂಗಳು ಅಲೆದು ಸುಮಾರು ಇಪ್ಪತ್ತು ಅಡುಗೆಮನೆಗಳ ಬಾಗಿಲು ಬಡಿದಿದ್ದ ತಾಯಿಗೆ ಇಲ್ಲಿ ಕುರ್ಚಿ ಎಳೆದುಕೊಂಡು ಕೂರಬೇಕೆನ್ನಿಸಿತು. ಹಂಚು, ಗಾಳಿಯಲ್ಲಿ ಹಾರುವ ಹಿಟ್ಟು, ಗಿರಣಿ, ಮೂರನ್ನೂ ಕೇಳದೆಯೇ ಹೇಳಿದ ಮೊದಲ ಮನುಷ್ಯೆ ಆಕೆ. ಎಲ್ಲರೂ ಕೊಟ್ಟ 'ಏನೂ ಆಗಲ್ಲ ಬನ್ನಿ' ಎಂಬ ಭರವಸೆಗಿಂತ ಈ 'ಆಗಂಗಿಲ್ಲ' ಹೆಚ್ಚು ಗಟ್ಟಿಯಾಗಿತ್ತು. ಇಬ್ಬರೂ ಕೂತು ಒಂದು ಏರ್ಪಾಟು ಮಾಡಿಕೊಂಡರು. ಊರಿಂದ ಬರುವ ಮಾಲದಂಡಿ ಜೋಳವನ್ನು ಆಕೆ ಕಾಳಾಗಿಯೇ ಕೊಡುವುದು, ಇವರು ಆರಿಸಿ ತೊಳೆದು ಒಣಗಿಸಿ ಮನೆಯ ಗಿರಣಿಯಲ್ಲಿ ಬೀಸಿ ತರುವುದು. ಹಿಟ್ಟು ಹಿಂದಿನ ರಾತ್ರಿಯದೇ ಆಗಬೇಕೆಂದು ಆಕೆಯ ಷರತ್ತು, ಹಳೆಯದಾದರೆ ಜಿಗಿ ಹೋಗಿ ರೊಟ್ಟಿ ಹರಿಯುತ್ತದೆ. ಅಪ್ಪ ಶಿವಾಜಿನಗರದಿಂದ ಒಂದು ಹೊಸ ಕಬ್ಬಿಣದ ಹಂಚು, ಒಂದು ಪರಾತ ತಂದರು. ಅವಕ್ಕೆ ಅತ್ತೆಯವರು ಕೆಂಪು ದಾರ ಕಟ್ಟಿ ಬೇರೆ ಮೊಳೆಗೆ ತೂಗುಹಾಕಿದರು. ಬರುವುದು ಭಾನುವಾರ, ಬೆಳಿಗ್ಗೆ ಹನ್ನೊಂದೂವರೆಗೆ, ಚಪಾತಿಯ ಡಬ್ಬಿ ತೆರೆಯುವ ಮೊದಲು. ಪಲ್ಯಕ್ಕೆ ಹಿಂಗು ಹಾಕುವ ರೂಢಿ ಆ ಮನೆಯಲ್ಲಿ ಇರಲೇ ಇಲ್ಲ.

ಮಾರ್ಚಿಯ ವರದಿಯಲ್ಲಿ ಪ್ರತಿಕಾಯದ ಸಂಖ್ಯೆ ಮತ್ತೆ ಇಳಿಮುಖವಾಗಿತ್ತು. 2025ರ ಏಪ್ರಿಲ್ 6, ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮೇಲಿನ ಭಾನುವಾರ, ರಾಮನವಮಿ. ನಾಲ್ವರು ಹುಡುಗಿಯರು ಖಾನಾವಳಿಯ ಮೂಲೆಯ ಮೇಜಿನಲ್ಲಿ ಕೂತರು. ಮೊದಲು ಬೆಲ್ಲದ ಪಾನಕ ಬಂತು. ಆಮೇಲೆ ಎಣ್ಣೆಗಾಯಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮೊಸರು, ಹಸಿ ಉಳ್ಳಾಗಡ್ಡಿ. ಕೆಂಪು ದಾರದ ಹಂಚು ಒಲೆಗೆ ಏರಿತು. ಉಬ್ಬಿದ ಮೊದಲ ರೊಟ್ಟಿಯನ್ನು ಸೊಸೆ ತಾವೇ ತಂದು ಹುಡುಗಿಯ ತಟ್ಟೆಗೆ ಹಾಕಿದರು. ಅವಳು ಕೈಯಲ್ಲೇ ಮುರಿದಳು. ಉಳಿದ ಮೂವರೂ ಅದೇ ರೊಟ್ಟಿ ಬೇಕೆಂದರು. ಎರಡು ಕಿಲೋ ಹಿಟ್ಟು ಸಾಕಾಗುವುದೋ ಇಲ್ಲವೋ ಎಂದು ಅತ್ತೆಗೆ ಚಿಂತೆಯಾಯಿತು.

ಹನ್ನೆರಡೂವರೆಗೆ ಗಿರಾಕಿಗಳು ಶುರುವಾದರು. ಯಾರೋ ಚಪಾತಿ ಕೇಳಿದರು. 'ಒಂದೀಟು ತಡೀರಿ, ಹುಡುಗ್ಯಾರು ಕೈ ತೊಳಕೊಳ್ಳಲಿ' ಎಂದು ಒಳಗಿನಿಂದ ಉತ್ತರ ಬಂತು. ಹುಡುಗಿ ದುಡ್ಡು ಕೊಡಲು ಹೋದಾಗ ಗಲ್ಲಾದವರು ರೊಟ್ಟಿಗಳ ಹಣ ಬಿಟ್ಟು ಪಲ್ಯದ್ದಷ್ಟೇ ತೆಗೆದುಕೊಂಡರು, ಹಿಟ್ಟು ನಿಮ್ಮದಲ್ಲವೇ ಎಂದರು. ಜೋಳ ನಿಮ್ಮದು ಎಂದಳು ಅವಳು. ಆ ಲೆಕ್ಕ ಇನ್ನೂ ಬಗೆಹರಿದಿಲ್ಲ.